ಟ್ಯಾಂಕರಿನ ಎರಡನೇ ಕೋಣೆ

ದೆವ್ವ, ಗಾಳಿ, ಶಕುನ ಎಂದು ಯಾರಾದರೂ ಮಾತು ತೆಗೆದರೆ ಎದ್ದು ಕಾಫಿಗೆ ಹೋಗಿಬಿಡುತ್ತಿದ್ದವನು ನಾನು. ಹೆಂಡತಿಯ ಕಡೆಯವರು ಸೇರಿದರೆ ಇಂಥ ಕಥೆಗಳಿಗೆ ಬರವಿಲ್ಲ. ಕಥೆ ಚೆನ್ನಾಗಿ ಏರುತ್ತಿರುವಾಗಲೇ ನಡುವೆ ಬಾಯಿ ಹಾಕಿ, ಬಾವಿಗೆ ಎಷ್ಟು ಅಡಿ ಆಳ ಇತ್ತು, ಅಮಾವಾಸ್ಯೆ ಅಂತ ಯಾರು ಕ್ಯಾಲೆಂಡರ್ ನೋಡಿದ್ದರು ಎಂದು ಕೇಳಿ ಬೈಸಿಕೊಂಡಿದ್ದೇನೆ. ಈಗ ನಾನೇ ಅಂಥದ್ದೊಂದನ್ನು ಹೇಳಲು ಕೂತಿದ್ದೇನೆ. ನೀವು ಎದ್ದು ಕಾಫಿಗೆ ಹೋದರೂ ನನಗೆ ಬೇಸರವಿಲ್ಲ.

ಮೊದಲು ನನ್ನ ಕೆಲಸ ಏನೆಂದು ಹೇಳಬೇಕು. ಕೆ.ಆರ್. ಪುರದ ಆಚೆ ಪೆಟ್ರೋಲ್ ಟ್ಯಾಂಕರ್‌ಗಳನ್ನು ರಿಪೇರಿ ಮಾಡುವ ಒಂದು ಶೆಡ್ಡಿನಲ್ಲಿ ನಾನು ಸೂಪರ್‌ವೈಸರ್. ಪ್ಲಾಸ್ಟಿಕ್ ಬಾಚಣಿಗೆಯನ್ನು ತಲೆಗೆ ಉಜ್ಜಿ ಕಾಗದದ ಚೂರು ಎಬ್ಬಿಸುವ ಆಟ ಎಲ್ಲರೂ ಆಡಿರುತ್ತೀರಿ. ಅದೇ ಸ್ಟ್ಯಾಟಿಕ್. ಪೆಟ್ರೋಲ್ ಪೈಪಿನಲ್ಲಿ ಹರಿದಾಗಲೂ ಹಾಗೆಯೇ ಹುಟ್ಟುತ್ತದೆ. ಅದು ಟ್ಯಾಂಕಿನ ಯಾವ ಭಾಗದಲ್ಲೂ ಸೇರಿಕೊಳ್ಳದೆ ನೆಲಕ್ಕೆ ಇಳಿದುಹೋಗಬೇಕು. ಅದಕ್ಕೆ ಒಳಗಿನ ಪೈಪಿಗೂ ಗೋಡೆಗೂ ತಾಮ್ರದ ಪಟ್ಟಿ, ಹೊರಗೆ ಅರ್ಥಿಂಗ್ ಬೋಲ್ಟು, ಆ ಬೋಲ್ಟಿಗೆ ನೆಲಕ್ಕಿಳಿಯುವ ತಂತಿಯ ಕ್ಲಿಪ್ಪು. ಇಳಿಯದೆ ಉಳಿದರೆ ಒಂದು ಕಿಡಿ ಸಾಕು. ಈ ಮಾತನ್ನು ದಿನಕ್ಕೆ ಹತ್ತು ಸಲ ಹೇಳುತ್ತಿದ್ದುದಕ್ಕೆ ಶೆಡ್ಡಿನಲ್ಲಿ ನನಗೆ ‘ಅರ್ಥಿಂಗ್ ಸಾರ್’ ಎಂದು ಹೆಸರಿಟ್ಟಿದ್ದರು.

ಇದು ನಡೆದದ್ದು ಕೆಲವು ವರ್ಷಗಳ ಹಿಂದೆ, ಆಯುಧಪೂಜೆಯ ಹಿಂದಿನ ದಿನ ಮಧ್ಯಾಹ್ನ. ಆ ಸಲ ಮಳೆ ಬೇಗ ನಿಂತು ಗಾಳಿಯೆಲ್ಲ ಒಣಗಿತ್ತು. ಪೂಜೆಗೆಂದು ಮಾಲೀಕರು ಎಲ್ಲರಿಗೂ ಶೆಡ್ಡಿನ ಹೆಸರು ಹಾಕಿಸಿದ ಟೀ ಶರ್ಟು ಹಂಚಿದ್ದರು. ಅಪ್ಪಟ ಪಾಲಿಯೆಸ್ಟರ್, ಮೈಗೆ ಉಜ್ಜಿದರೆ ಅದರಲ್ಲೂ ಅದೇ ಸ್ಟ್ಯಾಟಿಕ್. ಕಾಟನ್ ಬಿಟ್ಟು ಬೇರೆ ಬಟ್ಟೆಯಲ್ಲಿ ಟ್ಯಾಂಕಿನ ಹತ್ತಿರ ಬರಬಾರದು ಎಂದು ಬೋರ್ಡು ಬರೆಸಿದವನೇ ನಾನು. ಆದರೂ ಫೋಟೋ ತೆಗೆಸಬೇಕು ಎಂದು ಅವರು ಹೇಳಿದ್ದಕ್ಕೆ ನಾನೂ ತೊಟ್ಟುಕೊಂಡೆ. ಫೋಟೋ ಆಮೇಲೆ ಎಂದಾಯಿತು. ಬಟ್ಟೆ ಬದಲಿಸುವ ಗೋಜಿಗೆ ನಾನು ಹೋಗಲಿಲ್ಲ.

ಆ ದಿನ ನಮ್ಮ ಮುಂದಿದ್ದ ಟ್ಯಾಂಕರಿನಲ್ಲಿ ಒಂದರ ಹಿಂದೆ ಒಂದು ಮೂರು ಕೋಣೆ. ಮೊದಲನೆಯದರ ಸೋರಿಕೆ ಪರೀಕ್ಷೆಗೆಂದು ಬೆಳಿಗ್ಗೆ ನಾನೇ ನಿಂತು ಬಾಯಿವರೆಗೆ ನೀರು ತುಂಬಿಸಿದ್ದೆ. ಎರಡನೆಯದರಲ್ಲಿ ತಾಮ್ರದ ಪಟ್ಟಿ ಕಿತ್ತುಹೋಗಿತ್ತು. ಒಳಗೆ ಇಳಿಯುವ ಮೊದಲು ಹೊರಗಿನ ಬೋಲ್ಟಿಗೆ ಕ್ಲಿಪ್ ಹಾಕಲು ಹೋದರೆ ಬೋಲ್ಟೇ ಕಾಣಲಿಲ್ಲ. ಹಬ್ಬದ ಪೇಂಟಿನಲ್ಲಿ ಅದೂ ಮಿರಮಿರ ಮಿಂಚುತ್ತಿತ್ತು. ಪೇಂಟರ್ ಇಮ್ತಿಯಾಜ್ ಶಿವಾಜಿನಗರದವನು, ಕೈ ಬಹಳ ನಯ, ಆದರೆ ಬಣ್ಣ ಹಚ್ಚದೆ ಏನನ್ನೂ ಬಿಡುವವನಲ್ಲ.

"ಏನ್ ಸಾರ್, ಒಂದು ಬೋಲ್ಟ್‌ಗೆ ಇಷ್ಟು ಗಲಾಟೆನಾ? ಹಬ್ಬಕ್ಕೆ ಗಾಡಿ ಫುಲ್ ಹೊಸದು ಥರ ಇರ್ಬೇಕು ಅಂತ ಓನರ್ರೇ ಹೇಳಿದ್ದು," ಎಂದ.

"ಪೇಂಟ್ ಮೇಲೆ ಕ್ಲಿಪ್ ಹಾಕೋದೂ ಒಂದೇ, ಗಾಳಿಗೆ ಹಾಕೋದೂ ಒಂದೇ. ಉಜ್ಜಿ ತೆಗಿ. ಮೇಲೆ ಮುಚ್ಚಳ ತೆರೆದಿರುತ್ತೆ, ಒಳಗೆ ಒಂದು ಚೂರು ಧೂಳು ಬೀಳಬಾರದು," ಎಂದು ಎಲ್ಲರ ಮುಂದೆ ರೇಗಿದೆ. ಅವನು ಮುಖ ಊದಿಸಿಕೊಂಡು ಉಜ್ಜಲು ಕೂತ.

ಅವನು ಮುಗಿಸುವವರೆಗೆ ನಾನು ಕಾಯಬೇಕಿತ್ತು. ಕಾಯಲಿಲ್ಲ, ಇಳಿಯುತ್ತೇನೆ ಎಂದು ಅವನಿಗೆ ಹೇಳಲೂ ಇಲ್ಲ. ಮೀಟರ್ ಇಳಿಬಿಟ್ಟು ನೋಡಿದೆ, ಒಳಗೆ ಪೆಟ್ರೋಲ್ ಆವಿ ಇಲ್ಲ ಎಂದು ತೋರಿಸಿತು. ಮೊಬೈಲು, ಚಪ್ಪಲಿ ಹೊರಗಿಟ್ಟು ಬರಿಗಾಲಲ್ಲಿ ಇಳಿದೆ. ಮೇಲೆ ಕಾವಲಿಗೆ ಕೂತವರು ಶರಣಪ್ಪ. ಸುರಪುರದ ಕಡೆಯಿಂದ ಬಂದು ರಾಮಮೂರ್ತಿ ನಗರದಲ್ಲಿ ನಮ್ಮದೇ ಬೀದಿಯಲ್ಲಿ ಬಾಡಿಗೆಗಿರುವ ಹಿರಿಯರು. ಸ್ವಲ್ಪ ಹೊತ್ತಿಗೆ ಅವರ ತಲೆ ಟ್ಯಾಂಕಿನ ಬಾಯಿಯಲ್ಲಿ ಕಾಣಿಸಿತು.

"ಸಾಹೇಬ್ರ, ಮಾಲಕ್ರು ಫೋಟೋಕ್ ಕರೀಲಾಕತ್ತಾರ. ಎರಡ್ ನಿಮಿಷದಾಗ ಬರ್ತೀನ್ರಿ."

ಹೋಗಿಬನ್ನಿ ಎಂದೆ. ಇದೂ ನನ್ನದೇ ತಪ್ಪು. ಟ್ಯಾಂಕಿನೊಳಗೆ ಮನುಷ್ಯ ಇದ್ದಾಗ ಕಾವಲಿನವನು ಅಲುಗಾಡಬಾರದು ಎಂಬುದೂ ನನ್ನ ಬೋರ್ಡಿನಲ್ಲೇ ಇತ್ತು.

ಪಟ್ಟಿ ಕೂರಿಸಲು ತಳದ ವಾಲ್ವಿನ ಒಂದು ಬೋಲ್ಟು ಸಡಿಲಿಸಿದೆ. ಪೈಪಿನಲ್ಲಿ ಉಳಿದಿದ್ದ ಪೆಟ್ರೋಲು ಒಂದು ಚೊಂಬಿನಷ್ಟು ಒಳಕ್ಕೆ ಹರಿಯಿತು. ಗಾಬರಿಯಾಗಿ ಬೋಲ್ಟು ಬಿಗಿದು, ಮೇಲೆ ಹತ್ತೋಣ ಎಂದು ತಲೆ ಎತ್ತುವಷ್ಟರಲ್ಲಿ ಬೆಳಕು ಹೋಯಿತು. ಮುಚ್ಚಳ ಬಿದ್ದ ಸದ್ದು, ಆಮೇಲೆ ಕ್ಲಾಂಪು ಬಿಗಿದ ಸದ್ದು. ನಡೆದದ್ದು ಆಮೇಲೆ ತಿಳಿಯಿತು. ಉಜ್ಜುವುದನ್ನು ಅರ್ಧಕ್ಕೆ ಬಿಟ್ಟು ಊಟಕ್ಕೆ ಹೊರಟ ಇಮ್ತಿಯಾಜ್, ಮೇಲೆ ಯಾರೂ ಇಲ್ಲದ್ದನ್ನು ಕಂಡು ನಾನು ಇನ್ನೂ ಇಳಿದಿಲ್ಲ ಎಂದುಕೊಂಡು, ನಾನು ಬೈದದ್ದನ್ನು ನೆನೆಸಿಕೊಂಡು, ಧೂಳು ಬೀಳದಿರಲಿ ಎಂದು ಏಣಿ ಹತ್ತಿ, ಒಳಗೆ ಬಗ್ಗಿ ನೋಡದೆ ಭದ್ರವಾಗಿ ಮುಚ್ಚಿದ್ದ.

ಕೂಗಿದೆ. ಹೊರಗೆ ಕಂಪ್ರೆಸರ್ ಓಡುತ್ತಿತ್ತು. ನನ್ನ ದನಿ ನನ್ನ ಕಿವಿಗೇ ವಾಪಸ್ ಬಂತು. ಸ್ಪ್ಯಾನರ್ ಎತ್ತಿ ಗೋಡೆಗೆ ಹೊಡೆಯಲು ಹೋದವನು ಕೈ ತಡೆದೆ. ಕಬ್ಬಿಣಕ್ಕೆ ಕಬ್ಬಿಣ ತಾಗಿದರೆ ಕಿಡಿ. ಕಾಲ ಬುಡದಲ್ಲಿ ಪೆಟ್ರೋಲು ಆವಿಯಾಗುತ್ತಿತ್ತು, ಗಂಟಲು ಉರಿಯುತ್ತಿತ್ತು. ಹೊರಗಿನ ಬೋಲ್ಟಿಗೆ ಕ್ಲಿಪ್ ಇನ್ನೂ ಹಾಕಿಲ್ಲ. ಟ್ಯಾಂಕು ರಬ್ಬರ್ ಟೈರುಗಳ ಮೇಲೆ, ನೆಲದ ಸಂಬಂಧವೇ ಇಲ್ಲದೆ ನಿಂತಿದೆ. ಬೇರೆ ಯಾರಾದರೂ ಆಗಿದ್ದರೆ ಗೊತ್ತಿಲ್ಲದೆ ಬಡಿದು ಹೊರಗೆ ಬರುತ್ತಿದ್ದರೋ ಏನೋ. ನನಗೆ ಎಲ್ಲವೂ ಗೊತ್ತಿತ್ತು. ಗೊತ್ತಿದ್ದದ್ದೇ ನನ್ನ ಕೈಕಾಲು ಕಟ್ಟಿಹಾಕಿತು. ಬರಿ ಅಂಗೈಯಿಂದ ಗೋಡೆ ತಟ್ಟಿದೆ. ದಪ್ಪ ಉಕ್ಕು, ಹಿಟ್ಟಿನ ಮೂಟೆಗೆ ತಟ್ಟಿದಷ್ಟು ಸದ್ದೂ ಬರಲಿಲ್ಲ. ಮಗಳ ಮುಖ ನೆನಪಾಯಿತು. ಗ್ಯಾಸ್ ಬುಕ್ ಮಾಡಿಲ್ಲ ಎಂಬುದೂ ನೆನಪಾಯಿತು. ನನಗೆ ಸಾಯಲು ಇಷ್ಟವಿರಲಿಲ್ಲ, ಅಷ್ಟೇ.

ಎಷ್ಟು ಹೊತ್ತಾಯಿತೋ, ಮೇಲಿನ ಬಿಸಿಲಿಗೆ ಒಳಗೆಲ್ಲ ಕುದಿಯತೊಡಗಿತು, ತಲೆ ಹಗುರವಾಗಿ ಸುತ್ತುತ್ತಿತ್ತು. ಟೀ ಶರ್ಟು ತೆಗೆದು ಮೂಗಿಗೆ ಕಟ್ಟಿಕೊಳ್ಳೋಣ ಎನಿಸಿತು. ಇಷ್ಟು ವರ್ಷ ಊರಿಗೆಲ್ಲ ಪಾಠ ಹೇಳಿದವನಿಗೆ ಆ ಗಳಿಗೆಯಲ್ಲಿ ಅದು ಪಾಲಿಯೆಸ್ಟರ್ ಎಂಬುದೇ ಮರೆತುಹೋಗಿತ್ತು. ಎರಡೂ ಕೈಯಲ್ಲಿ ಅಂಚು ಹಿಡಿದು ಮೇಲೆಳೆದೆ. ಬೆನ್ನ ಮೇಲೆ ಚಟಚಟ ಎಂದಿತು.

ಆಗ ಮುಂದಿನ ಗೋಡೆಯಲ್ಲಿ ಬಡಿತ ಕೇಳಿಸಿತು. ಮೊದಲನೇ ಕೋಣೆಗೂ ನನಗೂ ನಡುವಿನ ಗೋಡೆ. ಆ ಕಡೆಯಿಂದ ಯಾರೋ ಅಂಗೈಯಿಂದ ದಡದಡ, ಬೇಗ ಬೇಗ ಬಡಿಯುತ್ತಿದ್ದರು, ಬೇಡ ಬೇಡ ಎನ್ನುವ ಹಾಗೆ. ಕೈ ಅಲ್ಲೇ ನಿಂತಿತು. ಬಡಿತವೂ ನಿಂತಿತು. ನೀರು ತುಂಬಿದ ಕೋಣೆ ಅದು, ತುಂಬಿಸಿದವನು ನಾನೇ ಎಂದು ಆಗ ಹೊಳೆಯಿತು. ತಲೆ ಕೆಟ್ಟಿದೆ ಎಂದುಕೊಂಡು ಬಟ್ಟೆಯನ್ನು ಇನ್ನೊಂದಿಷ್ಟು ಎಳೆದೆ. ಮತ್ತೆ ದಡದಡ, ಈ ಸಲ ಇನ್ನೂ ಜೋರು.

ಅಂಗಿಯ ಅಂಚು ಕೈಬಿಟ್ಟೆ. ನಿಧಾನಕ್ಕೆ ಕೂತು, ಮೈಯಲ್ಲಿ ಸೇರಿದ್ದ ಸ್ಟ್ಯಾಟಿಕ್ ಇಳಿಯಲಿ ಎಂದು ಎರಡೂ ಅಂಗೈಗಳನ್ನು ತಳದ ಉಕ್ಕಿಗೆ ಒತ್ತಿದೆ. ಆಮೇಲೆ ಆ ಕಡೆಯಿಂದ ಬಂದದ್ದು ಬೇರೆಯೇ ಸದ್ದು. ನಿಧಾನ, ಒಂದೇ ಸಮ, ಮಗುವನ್ನು ಮಲಗಿಸಲು ಬೆನ್ನು ತಟ್ಟುವಂತೆ. ಅಲ್ಲಾಡಬೇಡ, ಇಲ್ಲೇ ಇದ್ದೇನೆ ಎನ್ನುವಂತೆ ನನಗೆ ಕೇಳಿಸಿತು. ಹೆದರಿಕೆ ಹೋಯಿತು ಎಂದರೆ ಸುಳ್ಳಾಗುತ್ತದೆ. ಆದರೆ ಒಬ್ಬನೇ ಇದ್ದೇನೆ ಎನಿಸಲಿಲ್ಲ.

ಮುಚ್ಚಳ ತೆರೆದಾಗ ನನಗೆ ಅರೆ ಪ್ರಜ್ಞೆ. ಬೆಳಕು ಕಂಡು ಹೇಗೋ ಎದ್ದು ಕೈ ಚಾಚಿದೆ, ಶರಣಪ್ಪ ಟ್ಯಾಂಕಿನ ಮೇಲೆ ಬೋರಲು ಮಲಗಿ ನನ್ನ ತೋಳಿಗೆ ಕೈ ಹಾಕಿ ಎಳೆದರು. ಕೆಳಗಿಳಿಸಿ ನೀರು ಕೊಟ್ಟಾಗ ಇಮ್ತಿಯಾಜ್ ಅಳುತ್ತಿದ್ದ. ನಾನು ಏನೂ ಕೇಳುವ ಮೊದಲೇ ಅವನೇ ಹೇಳಿದ.

"ಊಟ ಮುಗಿಸಿ ಬಂದೆ ಸಾರ್. ಫಸ್ಟ್ ಟ್ಯಾಂಕ್ ಒಳಗಿಂದ ಯಾರೋ ಕೈಲಿ ತಟ್ತಾ ಇದ್ರು. ಅದನ್ನೇ ಮೊದ್ಲು ತೆಗ್ದೆ. ಬಾಯಿತನಕ ನೀರು. ಅಲ್ಲಾಡ್ತಾನೂ ಇರ್ಲಿಲ್ಲ. ಹೆದರಿಕೊಂಡು ಶರಣಪ್ಪನ್ನ ಕೂಗ್ದೆ."

ಅವನು ಕೂಗಿದಾಗಲೇ, ಫೋಟೋ ಗಡಿಬಿಡಿಯಲ್ಲಿ ಪೂಜೆ ಸಾಮಾನು ಹೊರುತ್ತಿದ್ದ ಶರಣಪ್ಪನವರಿಗೆ ನನ್ನ ನೆನಪಾದದ್ದು.

ನಾನು ಸುಮ್ಮನೆ ಕೂತವನಲ್ಲ, ಈ ಒಗಟು ಬಿಡಿಸಲು ನೋಡಿದೆ. ಆವಿ ತಲೆಗೇರಿ ನನ್ನ ಎದೆಬಡಿತವೇ ಗೋಡೆಯಲ್ಲಿ ಕೇಳಿಸಿರಬಹುದು. ಸರಿ, ಹೊರಗಿದ್ದ ಇಮ್ತಿಯಾಜನ ತಲೆಗೆ ಯಾವ ಆವಿ ಏರಿತ್ತು? ನಾನು ತಟ್ಟಿದ್ದು ನೀರಿನ ಮೂಲಕ ಅವನಿಗೆ ಕೇಳಿಸಿರಬಹುದು. ಆದರೆ ಅವನು ಬರುವ ಹೊತ್ತಿಗೆ ನಾನು ತಟ್ಟುವುದನ್ನು ಬಿಟ್ಟು, ಎರಡೂ ಕೈ ಟ್ಯಾಂಕಿನ ತಳಕ್ಕೊತ್ತಿ ಕೂತು ಬಹಳ ಹೊತ್ತಾಗಿತ್ತು. ಆ ಗಾಡಿಯ ಚರಿತ್ರೆಯನ್ನೂ ಕೆದಕಿದೆ. ಅದರಲ್ಲಿ ಹಿಂದೆ ಯಾರಾದರೂ ಸತ್ತಿದ್ದರೆ, ನಂಬದಿದ್ದರೂ, ಒಂದು ಕಾರಣವಾದರೂ ಸಿಗುತ್ತಿತ್ತು. ಯಾರೂ ಸತ್ತಿರಲಿಲ್ಲ. ಒಬ್ಬರ ಬೆರಳಿಗೆ ಗಾಯವಾದ ಸುದ್ದಿಯೂ ಸಿಗಲಿಲ್ಲ.

ಮುಂದಿನ ಬೇಸಗೆಯಲ್ಲಿ ಅದೇ ಟ್ಯಾಂಕರ್ ತಪಾಸಣೆಗೆ ಬಂತು. ಮೂರೂ ಕೋಣೆ ಖಾಲಿ, ಒಣಗಿದ್ದವು. ಕಾಟನ್ ಅಂಗಿ ತೊಟ್ಟು, ಕ್ಲಿಪ್ ಹಾಕಿಸಿ, ಮೊದಲನೇ ಕೋಣೆಗೆ ನಾನೇ ಇಳಿದೆ. ವೆಲ್ಡಿಂಗ್ ನೋಡಬೇಕು ಎಂದು ಎಲ್ಲರಿಗೂ ಹೇಳಿದ್ದೆ. ವೆಲ್ಡಿಂಗ್ ನೋಡಲಿಲ್ಲ. ನಡುವಿನ ಗೋಡೆಯ ಮುಂದೆ ಕೂತು ಅಂಗೈಯಿಂದ ನಿಧಾನವಾಗಿ ತಟ್ಟಿದೆ. ನಿಲ್ಲಿಸಿ ಕಾದೆ. ಮತ್ತೆ ತಟ್ಟಿದೆ. ಕಣ್ಣು ತುಂಬಿ ಬಂತು, ಯಾಕೆಂದು ನನಗೇ ಗೊತ್ತಾಗಲಿಲ್ಲ.

ಮೇಲಿನಿಂದ ಶರಣಪ್ಪ ಬಗ್ಗಿ ನೋಡುತ್ತಿದ್ದರು. ಆ ದಿನದ ಮೇಲೆ ಅವರು ಕಾವಲು ಬಿಟ್ಟು ಕದಲಿದ್ದಿಲ್ಲ.

"ಆ ಕಡಿ ಯಾರರ ಅದಾರೇನ್ರಿ, ಸಾಹೇಬ್ರ?" ಎಂದು ಮೆಲ್ಲಗೆ ಕೇಳಿದರು.

ಇಲ್ಲ ಎನ್ನಲು ಬಾಯಿ ತೆರೆದೆ, ಆಗಲಿಲ್ಲ. "ಗೊತ್ತಿಲ್ಲ ಶರಣಪ್ಪ, ಇನ್ನೊಂದೆರಡು ನಿಮಿಷ ಇರ್ತೀನಿ," ಎಂದು ಹೇಳಿ ಗೋಡೆಯ ಮೇಲೆ ಕೈ ಇಟ್ಟುಕೊಂಡೇ ಕೂತೆ.