ಪಾಲಿಶ್ ಮೇಸ್ತ್ರಿಯ ಮೈವಾಸನೆ

ಗೆಳತಿಯರೇ, ಇವತ್ತು ನನ್ನ ಬಾಯಿ ಒಬ್ಬರ ಅನ್ನಕ್ಕೆ ಕಲ್ಲು ಹಾಕಿತು.

ಕೂಸಿನ ಸಾಗವಾನಿ ತೊಟ್ಟಿಲಿಗೆ ಪಾಲಿಶ್ ಹಾಕಲು ಹಳಿಯಾಳದಿಂದ ಮೇಸ್ತ್ರಿಯೊಬ್ಬರನ್ನು ಕರೆಸಿದ್ದೆವು. ಬಾಗಿಲು ತೆರೆದರೆ ಮೂಗಿಗೆ ಸಾರಾಯಿಯಂಥ ವಾಸನೆ ಬಡಿಯಿತು. ವಾರದಿಂದ ನಿದ್ದೆಗೆಟ್ಟಿದ್ದ ನಾನು ಕೂಸನ್ನು ಎದೆಗೆ ಅವಚಿಕೊಂಡು, ಪಕ್ಕದ ಮನೆಯ ಗಂಗಕ್ಕನಿಗೂ ಕೇಳುವಂತೆ ಕೂಗಿದೆ: “ಕುಡದ ಬಂದವರಿಗೆ ನಮ್ಮಲ್ಲಿ ಕೆಲಸ ಇಲ್ರಿ!”

ಮೇಸ್ತ್ರಿ ಚೀಲದಿಂದ ಸೀಸೆ ತೆಗೆದು ತೋರಿಸಿದರು. “ಅಕ್ಕಾರ, ಸ್ಪಿರಿಟ್‌ನ್ಯಾಗ ಅರಗು ಕರಗಿಸಿದ್ರನ ಪಾಲಿಶ್ ಆಗೂದು. ಮೂವತ್ತ ವರ್ಷದ ವಾಸನಿ ಇದು, ಜಳಕಾ ಮಾಡಿದ್ರೂ ಹೋಗಂಗಿಲ್ಲ.”

ಧಾರವಾಡದ ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿದವಳು ನಾನು. ಬಾಗಿಲು ಪೂರ್ತಿ ತೆರೆದು ಅವರನ್ನು ತೊಟ್ಟಿಲ ಬಳಿ ಕರೆದೊಯ್ದೆ.

ಸಂಜೆಯ ಹೊತ್ತಿಗೆ ತೊಟ್ಟಿಲು ಕನ್ನಡಿಯಂತಾಗಿತ್ತು. “ವಾಸನಿ ಹೋಗೂತನಕ ಕೂಸಿನ್ನ ಮಲಗಸಬ್ಯಾಡ್ರಿ” ಎಂದು ಅವರೇ ಎಚ್ಚರಿಸಿದರು. ಆದರೆ ತನ್ನ ಕಪಾಟನ್ನೂ ಪಾಲಿಶ್‌ಗೆ ಅವರಿಗೇ ಕೊಡಬೇಕೆಂದಿದ್ದ ಗಂಗಕ್ಕ, “ಕುಡುಕನ್ನ ನಾ ಮನಿಯೊಳಗ ಬಿಡೂದಿಲ್ಲ ತಂಗಿ” ಎಂದುಬಿಟ್ಟಳು.

ಹೊರಟವರಿಗೆ ಸೀಸೆ ಎತ್ತಿಕೊಡಲು ಹೋಗಿ ಸೆರಗಿನ ಮೇಲೆ ಚೆಲ್ಲಿಕೊಂಡೆ. ಅದೇ ಸೀರೆಯಲ್ಲಿ ಕೂಸನ್ನೆತ್ತಿಕೊಂಡು ಓಡಿ, ಅರಗು, ಸ್ಪಿರಿಟ್ ಎಲ್ಲವನ್ನೂ ಗಂಗಕ್ಕನಿಗೆ ಬಿಡಿಸಿ ಹೇಳಿದೆ. ಅವಳು ನನ್ನನ್ನು ಒಮ್ಮೆ ಮೂಸಿ, ಕೂಸನ್ನು ನನ್ನ ಕೈಯಿಂದ ಮೆಲ್ಲಗೆ ಇಸಿದುಕೊಂಡಳು.