ಮೆಲುದನಿಗೊಂದು ಟೆಂಪ್ಲೇಟು

ಕೇಳುವುದರಲ್ಲಿ ತಾಳ್ಮೆಯುಳ್ಳವಳು, ಕೇಳಿದ್ದನ್ನು ಮರೆಯದವಳು. ಹಾಡುವವರ ಬಾಯಾರಿಕೆಯನ್ನು ಅವರಿಗಿಂತ ಮೊದಲೇ ಅರಿತು ನೀರಿನ ಲೋಟವನ್ನು ಮುಂದಿಡುವವಳು. ತಾಳ ತಪ್ಪಿದವರನ್ನು ನಾಲ್ವರೆದುರು ಹಳಿಯದೆ ಬಾಗಿಲು ಮುಚ್ಚಿ ತಿದ್ದುವವಳು. ಮೈಕಿನ ತಂತಿಗಳನ್ನು ನಿದ್ದೆಹೋದ ಮಕ್ಕಳಂತೆ ಮೆಲ್ಲನೆ ಸುತ್ತಿಡುವವಳು. ಕೆಲಸಕ್ಕೆ ಕೂರುವ ಮುನ್ನ ಕಣ್ಮುಚ್ಚಿ ಭಗವಂತನನ್ನು ನೆನೆದು, ಎದ್ದ ಮೇಲೆ ಯಾರ ಮೇಲೂ ಕಹಿಯಿಟ್ಟುಕೊಳ್ಳದವಳು. ಹಿರಿಯರೆದುರು ಬಾಗಬಲ್ಲವಳು, ಬಾಗಿದ ಮೇಲೆ ನೆಟ್ಟಗಾಗಲೂ ಬಲ್ಲವಳು. ಇಷ್ಟು ಗುಣಗಳಿದ್ದೂ ಆಕೆಗೆ ದೊರೆತ ಬಿರುದು ಮಾತ್ರ ಒಂದೇ: ಜಗಮೊಂಡಿ. ಅದನ್ನು ದಯಪಾಲಿಸಿದವರು ಆಕೆ ದುಡಿಯುತ್ತಿದ್ದ ರೆಕಾರ್ಡಿಂಗ್ ಸ್ಟುಡಿಯೋದ ಯಜಮಾನರು. ಕೊಡುವಾಗ ಅವರ ಮುಖದಲ್ಲಿ ನಗುವಿರಲಿಲ್ಲ.

ಸ್ಟುಡಿಯೋ ಇದ್ದದ್ದು ಕನ್ನಡಕದ ಅಂಗಡಿಯೊಂದರ ಕೆಳಗಿನ ನೆಲಮಾಳಿಗೆಯಲ್ಲಿ. ಗೋಡೆಗಳಿಗೆಲ್ಲ ಮೊಟ್ಟೆಯ ಗೂಡಿನಂತೆ ಉಬ್ಬುತಗ್ಗಾದ ಕರಿಯ ಸ್ಪಂಜು; ಕುರ್ಚಿಯ ಗಾಲಿಗಳು ತಿಂದುಹಾಕಿದ ಜಮಖಾನ; ಮೆಟ್ಟಿಲ ಬಳಿ ಸದಾ ಬಿಸಿಯಾಗಿರುವ ಚಹದ ಕೆಟಲ್. ಅಲ್ಲಿ ಯಾವ ಕೋಣೆಯಲ್ಲಿ ಯಾರು ಹೊಸ ಹಾಡಿಗೆ ಕಂಪ್ಯೂಟರು ತೆರೆದರೂ ಮೊದಲು ಎದುರಾಗುತ್ತಿದ್ದುದು ಯಜಮಾನರು ಕೈಯಾರೆ ಕಟ್ಟಿದ ಒಂದೇ ಟೆಂಪ್ಲೇಟು, ಅಂದರೆ ಹಾಡಿಗೆ ಮೊದಲೇ ಸಿದ್ಧವಾದ ಚೌಕಟ್ಟು. ವಾದ್ಯಗಳಿಗೆಲ್ಲ ಜಾಗ ಮೊದಲೇ ನಿಗದಿಯಾಗಿರುತ್ತಿತ್ತು, ತಾಳದ ವೇಗವೂ ನಿಗದಿಯಾಗಿರುತ್ತಿತ್ತು. ದನಿಯ ಟ್ರ್ಯಾಕಿನ ಬಾಗಿಲಲ್ಲಿ ಗೇಟು ಎಂಬ ಕಾವಲುಗಾರ ನಿಂತಿರುತ್ತಿದ್ದ. ಗೊತ್ತುಮಾಡಿದ ಮಟ್ಟಕ್ಕಿಂತ ಮೆಲ್ಲಗಿರುವ ಸದ್ದೆಲ್ಲವೂ ಅವನ ಪಾಲಿಗೆ ಕಸ. ಫ್ಯಾನಿನ ಗುಂಯ್‌ಗುಟ್ಟುವಿಕೆಯಾಗಲಿ, ಕುರ್ಚಿಯ ಕಿರುಗುಟ್ಟುವಿಕೆಯಾಗಲಿ ಒಳಗೆ ಬರುವಂತಿಲ್ಲ. ಆ ಚೌಕಟ್ಟು ಕೆಟ್ಟದ್ದೆಂದು ಜಗಮೊಂಡಿಯೂ ಎಂದೂ ಹೇಳಿದವಳಲ್ಲ. ಜಾಹೀರಾತಿನ ಹಾಡುಗಳು ಅದರಿಂದಲೇ ಬಿಸಿಬಿಸಿಯಾಗಿ ಹೊರಬಂದು ಎಲ್ಲರ ಮನೆಯ ಒಲೆ ಉರಿಸುತ್ತಿದ್ದವು. ಅದಕ್ಕೆ ಯಾರೂ ಕೈಹಾಕಕೂಡದೆಂಬುದು ಯಜಮಾನರ ಕಟ್ಟಪ್ಪಣೆ.

ಜಗಮೊಂಡಿಗೆ ಒಬ್ಬ ಅಕ್ಕ. ಆಕೆ ಹಿಂದೆ ಇದೇ ಕೋಣೆಗಳಲ್ಲಿ ಹಾಡಿದವಳು. ಗಂಟಲಿನ ಶಸ್ತ್ರಚಿಕಿತ್ಸೆಯಾದ ಮೇಲೆ ಅವಳ ದನಿ ಉಸಿರಿಗಿಂತ ತುಸುವೇ ದಪ್ಪವಾಗಿ ಉಳಿಯಿತು. ಅಂದಿನಿಂದ ಅಡುಗೆಮನೆಯಲ್ಲಿ ಕೂಡ ಆಕೆ ಗುನುಗಿದ್ದಿಲ್ಲ; ಏನಾದರೂ ಬೇಕಾದರೆ ಗಂಡನನ್ನು ಕರೆಯಲು ಪಾತ್ರೆ ಬಡಿಯುವಳು. ಹೀಗಿರುವಾಗ ಮಕ್ಕಳ ಪುಸ್ತಕ ಮಾಡುವ ಪ್ರಕಾಶಕಿಯೊಬ್ಬರು ಹಳೆಯ ನೆನಪಿನಿಂದ ಅಕ್ಕನನ್ನು ಕೇಳಿದರು: ಮಕ್ಕಳನ್ನು ಮಲಗಿಸುವ ಕೆಲವು ಹಾಡುಗಳು ಬೇಕು, ನೀವೇ ಹಾಡಬೇಕು. ಅಕ್ಕ ಒಲ್ಲೆನೆಂದಳು. ತಂಗಿ ಕಾಡಿದಳು, ಬೇಡಿದಳು, ಊಟ ಬಿಡುವೆನೆಂದು ಹೆದರಿಸಿದಳು. ಕೊನೆಗೆ ಅಕ್ಕ ಒಂದೇ ಹಾಡಿಗೆ ಒಪ್ಪಿದಳು. ಅದು ಆಗದಿದ್ದರೆ ಜನ್ಮದಲ್ಲಿ ಇನ್ನು ಬಾಯಿ ತೆರೆಯಲು ಹೇಳಬಾರದೆಂಬುದು ಕರಾರು.

ಅಕ್ಕ ಮೈಕಿನ ಮುಂದೆ ನಿಂತು ಹಾಡತೊಡಗಿದಳು. ಹೆಡ್‌ಫೋನಿನಲ್ಲಿ ಅಲ್ಲೊಂದು ಅಕ್ಷರ, ಇಲ್ಲೊಂದು ಅಕ್ಷರ, ನಡುವೆಲ್ಲ ಮೌನ. ಕಾವಲುಗಾರನು ಅವಳ ದನಿಯನ್ನು ಫ್ಯಾನಿನ ಸದ್ದೆಂದೇ ಬಗೆದು ಹೊರಗಟ್ಟುತ್ತಿದ್ದ. ಅಕ್ಕ ಹೆಡ್‌ಫೋನು ತೆಗೆದಿಟ್ಟಳು.

"ನೋಡಿದ್ಯೇನೇ, ನನ್ನ ದನಿ ಹೋಯ್ತು ಅನ್ನೋದು ಮೆಶೀನಿಗೂ ಗೊತ್ತಾಗಿದೆ."

"ಮೆಶೀನಿಗೆ ಕಿವುಡು ಕಣಕ್ಕಾ. ಕೂತ್ಕೋ, ಅದರ ಕಿವಿ ಹಿಂಡ್ತೀನಿ."

ತಂಗಿ ಗೇಟನ್ನು ಕಿತ್ತುಹಾಕಿದಳು. ಶ್ರುತಿ ತಿದ್ದುವ ಯಂತ್ರವನ್ನೂ ಟಿಕ್‌ಟಿಕ್ ತಾಳವನ್ನೂ ತೆಗೆದಳು. ಟ್ರ್ಯಾಕಿನ ಮಟ್ಟವನ್ನು ಏರುವಷ್ಟು ಏರಿಸಿ, ಫ್ಯಾನು ನಿಲ್ಲಿಸಿ, ತಾನೂ ಮಿಸುಕದೆ ಕುಳಿತಳು. ಈಗ ಬಂದ ದನಿ ಕಿವಿಯ ಪಕ್ಕದಲ್ಲೇ ಯಾರೋ ಮಲಗಿ ಹಾಡುತ್ತಿರುವಂತಿತ್ತು. ಹಾಡು ಮುಗಿದಾಗ ತಂಗಿಯ ಕಣ್ಣು ಮಂಜಾಗಿತ್ತು. ಮುಂದಿನ ಹಾಡುಗಳಿಗೆ ಬೇಕಾಗುವುದೆಂದು ಆ ಖಾಲಿ ಚೌಕಟ್ಟನ್ನು ಬೇರೆ ಹೆಸರಿನಲ್ಲಿ ಉಳಿಸಿಕೊಳ್ಳಲು ಹೊರಟವಳು, ಮಂಜುಗಣ್ಣಿನಲ್ಲಿ ಯಜಮಾನರ ಟೆಂಪ್ಲೇಟಿನ ಮೇಲೆಯೇ ಸೇವ್ ಒತ್ತಿಬಿಟ್ಟಳು. ಅದು ಅವಳ ಗಮನಕ್ಕೂ ಬರಲಿಲ್ಲ.

ಮರುದಿನ ಪಕ್ಕದ ಕೋಣೆಗೆ ಸೋಫಾ ಜಾಹೀರಾತಿನವನು ಬಂದ. ಮಟ್ಟ ಏರಿಯೇ ಇದ್ದುದರಿಂದ ಅವನ ಮೊದಲ ಕೂಗಿಗೇ ಸ್ಪೀಕರು ಹಳೆಯ ಬಟ್ಟೆಯಂತೆ ಪರ್ರನೆ ಹರಿದ ಸದ್ದು ಮಾಡಿತು. ಯಜಮಾನರು ಕೆಂಡಾಮಂಡಲವಾಗಿ ಬಂದರು.

"ಟೆಂಪ್ಲೇಟಿಗೆ ಕೈ ಹಾಕಿದ್ದು ಯಾರು?"

"ನಾನೇ ಸಾರ್. ಬೇರೆಯಾಗಿ ಸೇವ್ ಮಾಡೋಕೆ ಹೋಗಿ ಅದರ ಮೇಲೇ ಮಾಡಿಬಿಟ್ಟಿದೀನಿ. ತಪ್ಪಾಯ್ತು. ಹಳೇದನ್ನ ಈಗಲೇ ಕೂರಿಸ್ತೀನಿ."

ಹೇಳಿದಂತೆಯೇ ಕೂರಿಸಿದಳು, ಸೋಫಾದವನ ಬಳಿಗೂ ಹೋಗಿ ಕ್ಷಮೆ ಕೇಳಿ ಬಂದಳು. ಅಲ್ಲಿಗೆ ಮುಗಿಯಬಹುದಿತ್ತು. ಆದರೆ ಯಜಮಾನರು ಅಕ್ಕನ ಹಾಡನ್ನು ಹಾಕಿಸಿ ಕೇಳಿದರು.

"ಇದೇನಮ್ಮಾ, ಹಾಡೋ, ಕಿಟಕಿ ಸಂದಿಯ ಗಾಳಿಯೋ? ಟೆಂಪ್ಲೇಟಿನಲ್ಲಿ ಹಾಕಿ ಮತ್ತೆ ಮಾಡು. ದನಿ ಅದರಲ್ಲಿ ಬರಲಿಲ್ಲ ಅಂದ್ರೆ ಬೇರೆ ಯಾರ ಕೈಲಾದರೂ ಹಾಡಿಸು."

"ಪುಸ್ತಕದವರು ಕೇಳಿರೋದು ಅಕ್ಕನ ದನೀನೇ ಸಾರ್."

"ಕೇಳಿರೋದು ಆಪರೇಷನ್ನಿಗೆ ಮುಂಚಿನ ದನಿ."

ಆ ಮಾತು ಎದೆಗೆ ನಾಟಿತು, ಏಕೆಂದರೆ ಅದು ನಿಜವಾಗಿತ್ತು. ಹಾಗೆಂದು ಆಕೆ ತಲೆ ತಗ್ಗಿಸಲಿಲ್ಲ.

"ಇರಬಹುದು. ಈಗ ಇರೋದು ಇದು. ಇದನ್ನ ಯಾವ ಗೇಟಿನಲ್ಲೂ ತೂರಿಸಲ್ಲ."

"ಹಾಗಾದ್ರೆ ನನ್ನ ಸ್ಟುಡಿಯೋ ಹೆಸರಲ್ಲಿ ಇದು ಹೋಗಲ್ಲ."

"ಹೆಸರು ನಿಮ್ದು ಸಾರ್, ನೀವೇ ಇಟ್ಕೊಳಿ."

"ನಿನಗೆ ಕೆಲಸ ಬೇಕೋ ಬೇಡ್ವೋ?"

"ಬೇಕು. ಅದಕ್ಕೇ ಸರಿಯಾಗಿ ಮಾಡ್ತಿದೀನಿ. ನಾನು ಟೆಂಪ್ಲೇಟು ಬೇಡ ಅಂದಿಲ್ಲ. ಇನ್ನೊಂದು ಬೇಕು ಅಂತಿದೀನಿ. ಜೋರು ದನಿಯವರಿಗೆ ನೀವು ಮನೆ ಕಟ್ಟಿದೀರಿ. ಮೆಲ್ಲನೆ ಹಾಡೋರು ಬಂದ್ರೆ ಹೊಸ್ತಿಲಲ್ಲೇ ನಿಲ್ಲಬೇಕಾ?"

"ಜಗಮೊಂಡಿ!" ಎಂದವರೇ ಯಜಮಾನರು ಬಾಗಿಲನ್ನು ದಢಾರೆಂದು ಎಳೆದುಕೊಂಡು ಹೋದರು. ಸ್ಪಂಜು ಮೆತ್ತಿದ ಬಾಗಿಲಾದ್ದರಿಂದ ಸದ್ದು ಅಷ್ಟಾಗಿ ಬರಲಿಲ್ಲ.

ಆಕೆ ಹಾಡನ್ನು ಪ್ರಕಾಶಕಿಗೆ ಕಳಿಸಿದಳು. ಅಕ್ಕನ ಮನೆಯಿಂದಲೇ ಫೋನು ಮಾಡಿ, ಮುಚ್ಚುಮರೆಯಿಲ್ಲದೆ, ದನಿ ಮೊದಲಿನಂತಿಲ್ಲ, ಮುಂದೆಯೂ ಮೊದಲಿನಂತಾಗುವುದಿಲ್ಲ, ಇದರಲ್ಲಿ ಸ್ಟುಡಿಯೋ ಹೆಸರೂ ಇರುವುದಿಲ್ಲ ಎಂದಳು. ಪಕ್ಕದಲ್ಲಿ ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ನಿಂತಿದ್ದಳು. ಹಾಡು ಕೇಳಿ ಮುಗಿಸಿದ ಪ್ರಕಾಶಕಿ ಮತ್ತೆ ಫೋನಿಗೆ ಬಂದರು.

"ಎರಡನೇದು ಎಲ್ಲಿ?"

"ಏನಂದ್ರಿ?"

"ಎರಡನೇ ಹಾಡು ಎಲ್ಲಮ್ಮಾ? ಒಂದೇ ಹಾಡಿಗೆ ಯಾವ ಮಗು ಮಲಗುತ್ತೆ?"

ಅಕ್ಕ ನಗಲು ಹೋಗಿ ಅತ್ತಳು, ಅಳಲು ಹೋಗಿ ನಕ್ಕಳು. ಒಳಗಿನಿಂದ ಭಾವ ಕೂಗಿದರು: "ಇನ್ನು ಮೇಲೆ ನನ್ನನ್ನ ಬೈಯೋದನ್ನೂ ಆ ಮೈಕಿನಲ್ಲೇ ರೆಕಾರ್ಡ್ ಮಾಡ್ಸಿ. ಬರೀ ಪಾತ್ರೆ ಸದ್ದಿಗೆ ಯಾವ ಬೈಗುಳ ಅಂತ ಗೊತ್ತಾಗ್ತಿಲ್ಲ!"

ಉಳಿದ ಹಾಡುಗಳು ರಜಾದಿನಗಳಲ್ಲಿ, ಸೋಫಾದವರು ಬಾರದ ಹೊತ್ತಿನಲ್ಲಿ ಮುಗಿದವು. ಸ್ಟುಡಿಯೋ ಹೆಸರಿರಬೇಕಾದ ಕಡೆ ಅಕ್ಕತಂಗಿಯರ ಹೆಸರಷ್ಟೇ ಬಂತು. ಯಜಮಾನರು ಕೆಲಸದಿಂದ ತೆಗೆಯಲಿಲ್ಲ, ಮೆಚ್ಚಲೂ ಇಲ್ಲ. ಆದರೆ ಪಟ್ಟಿಯಲ್ಲಿ ಅವರ ಟೆಂಪ್ಲೇಟಿನ ಕೆಳಗೆ "ಮೆಲುದನಿ" ಎಂಬ ಇನ್ನೊಂದು ಬಂದು ಕೂತಿತು. ಅವರು ಅಳಿಸಿದರು; ಆಕೆ ಮತ್ತೆ ಕೂರಿಸಿದಳು. ಮತ್ತೆ ಅಳಿಸಿದರು; ಮತ್ತೆ ಕೂರಿಸಿದಳು. ಕೆಮ್ಮು ಹಿಡಿದ ಮುದುಕರೊಬ್ಬರು ಒಂದು ಪ್ರಾರ್ಥನೆಯನ್ನು ಹೇಳಿಡಲು ಬಂದಾಗ ಪಕ್ಕದ ಕೋಣೆಯವನು ಯಾರನ್ನೂ ಕೇಳದೆ ಅದನ್ನೇ ತೆರೆದ. ಯಜಮಾನರು ಗಾಜಿನಾಚೆಯಿಂದ ನೋಡಿದರು, ಮೂಗು ಮುರಿದರು, ಚಹಕ್ಕೆ ಹೋದರು.

ಸರ್ವರ ಪಿಸುಮಾತನ್ನೂ ಕೇಳುವ ಪರಮಾತ್ಮನು ಈ ಹೆಣ್ಣುಮಗಳ ಕಿವಿಯನ್ನು ಕೊನೆತನಕ ಚುರುಕಾಗಿಡಲಿ. ಅವಳ ಹಟ ಮುಪ್ಪಾಗದಿರಲಿ. ಅಕ್ಕನ ಉಸಿರಿಗೆ ಆಯಸ್ಸು, ಭಾವನ ನಾಲಗೆಗೆ ವಿನೋದ, ಆ ಮನೆಯ ಒಲೆಗೆ ಬಿಸುಪು ಎಂದೆಂದಿಗೂ ಕುಂದದಿರಲಿ. ಅವರ ಹಾಡು ಕೇಳಿ ಕಣ್ಮುಚ್ಚುವ ಮಕ್ಕಳೆಲ್ಲ ಸುಖವಾಗಿ ಎದ್ದೇಳಲಿ.