ಈಕ್ವಲೈಸರಿನ ತಾಮ್ರದ ಸುರುಳಿ

ಎಂಬತ್ತರ ದಶಕದ ನಡುವಿನ ಕೆಲವು ವರ್ಷ ನಾನು ಅಮೆರಿಕದ ಸ್ಯಾನ್ ಹೋಸೆಯ ಬೆರ್ರಿಯೆಸಾದಲ್ಲಿ, ಒಂದು ಟೈರ್ ಅಂಗಡಿಯ ಹಿಂದಿನ ಶೆಡ್ಡಿಗೆ ಕೆಲಸಕ್ಕೆ ಹೋಗುತ್ತಿದ್ದೆ. ಅಲ್ಲಿ ನಾವು ಹಳೆಯ ಕಾಲದ ಈಕ್ವಲೈಸರುಗಳನ್ನು ಹೊಸದಾಗಿ ಮಾಡುತ್ತಿದ್ದೆವು. ಈಗ ಈಕ್ವಲೈಸರು ಮೊಮ್ಮಕ್ಕಳ ಫೋನಿನಲ್ಲೇ ಇರುತ್ತದೆ. ಬೆರಳಿಟ್ಟು ಎಳೆದರೆ ಬೇಸ್ ಏರುತ್ತದೆ, ಟ್ರೆಬಲ್ ಇಳಿಯುತ್ತದೆ. ನಾನು ಹೇಳುವುದು ಐವತ್ತರ ದಶಕದ ರೆಕಾರ್ಡಿಂಗ್ ಸ್ಟುಡಿಯೋಗಳಲ್ಲಿದ್ದ ಪೆಟ್ಟಿಗೆಯನ್ನು. ಹಾರ್ಮೋನಿಯಂನಷ್ಟು ಭಾರ, ಮುಖದ ತುಂಬ ಕಪ್ಪು ತಿರುಗಣೆಗಳು, ಒಳಗೆ ನಮ್ಮ ಮನೆಯ ಹಳೇ ರೇಡಿಯೋದಲ್ಲಿದ್ದಂಥ ಕೆಂಪಗೆ ಕಾಯುವ ವಾಲ್ವುಗಳು. ಡಿಜಿಟಲ್ ರೆಕಾರ್ಡಿಂಗ್ ಬಂದು, ಹಾಡುವವರ ದನಿ ಗಾಜಿನ ಚೂರಿನಂತೆ ಕೇಳಿಸತೊಡಗಿದ ಮೇಲೆ ಸ್ಟುಡಿಯೋದವರಿಗೆ ಆ ಪೆಟ್ಟಿಗೆಯ ನೆನಪಾಯಿತು. ಅಷ್ಟರಲ್ಲಿ ಅದನ್ನು ತಯಾರಿಸುವವರೇ ಇರಲಿಲ್ಲ.

ನಮ್ಮ ಬಾಸು ಅರವತ್ತು ದಾಟಿದ ಅಮೆರಿಕನ್. ಒಂದು ಕಾಲಕ್ಕೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಧ್ವನಿಮುದ್ರಣ ಮಾಡುತ್ತಿದ್ದವರು. ಅವರ ಬಳಿ ಜೀವಂತವಾಗಿದ್ದ ಒಂದು ಹಳೇ ಪೆಟ್ಟಿಗೆ ಇತ್ತು, ಕೆಟ್ಟುಹೋದ ಇನ್ನೊಂದರ ಅವಶೇಷವಿತ್ತು. ಅದೇ ನಮ್ಮ ಪಠ್ಯಪುಸ್ತಕ.

ನಾನು ಬೆಂಗಳೂರಿನ ಕಾನ್ವೆಂಟಿನ ಹುಡುಗಿ. ಬಿ.ಎ., ಇಂಗ್ಲಿಷ್ ಲಿಟರೇಚರ್. ಜೊತೆಗೆ ನೀಡ್ಲ್‌ವರ್ಕಿನಲ್ಲಿ ಸತತವಾಗಿ ಪ್ರೈಜು. ಈ ದೇಶಕ್ಕೆ ಬಂದ ಮೇಲೆ ಎರಡೂ ಮೂಲೆ ಸೇರಿದ್ದವು. ಒಂದು ದೊಡ್ಡ ಕಂಪನಿಯ ಅಸೆಂಬ್ಲಿ ಸಾಲಿನಲ್ಲಿ ಕುಳಿತು ದಿನಕ್ಕೆ ಎಂಟು ಗಂಟೆ, ಏತಕ್ಕೆ ಬಳಸುತ್ತಾರೆಂದು ಗೊತ್ತೇ ಇಲ್ಲದ ಸರ್ಕ್ಯೂಟ್ ಬೋರ್ಡುಗಳಿಗೆ ಬಿಡಿಭಾಗ ಚುಚ್ಚುತ್ತಿದ್ದೆ. “ಲಿಟರೇಚರ್ ಓದಿ ಸೋಲ್ಡರಿಂಗ್ ಮಾಡಾಕಿ ಇಡೀ ಅಮೆರಿಕಾದಾಗ ನೀ ಒಬ್ಬಾಕಿ ನೋಡು” ಎಂದು ಧಾರವಾಡದವರಾದ ನಮ್ಮ ಯಜಮಾನರು ನಗುತ್ತಿದ್ದರು. ಬೆರ್ರಿಯೆಸಾದ ಶೆಡ್ಡಿಗೆ ಬಂದ ಮೇಲೆ ಮೊದಲ ಸಲ ನಾನು ಮಾಡಿದ್ದು ಏನೆಂದು ನನಗೆ ಕಿವಿಯಲ್ಲಿ ಕೇಳಿಸಿತು. ಅದನ್ನು ಬಿಟ್ಟುಕೊಡಲು ನಾನು ತಯಾರಿರಲಿಲ್ಲ.

ಬಿಟ್ಟುಕೊಡಬೇಕಾದ ಸಂದರ್ಭವೂ ಬಂತು. ಆ ಪೆಟ್ಟಿಗೆಯ ಪ್ರಾಣವಿರುವುದು ಒಂದು ತಂತಿಸುರುಳಿಯಲ್ಲಿ. ಕೂದಲಿನಷ್ಟು ತೆಳ್ಳಗಿನ ತಾಮ್ರದ ತಂತಿಯನ್ನು ಸಣ್ಣ ಉರುಳೆಯ ಮೇಲೆ ನೂರಾರು ಸುತ್ತು ಸುತ್ತಬೇಕು. ಯಾವ ಸ್ವರ ಎಷ್ಟು ಏರಬೇಕೆಂದು ಅದೇ ನಿರ್ಧರಿಸುತ್ತದೆ. ಕೈಯಿಂದ ತಿರುಗಿಸುವ ಪುಟ್ಟ ಯಂತ್ರದಲ್ಲಿ ಅದನ್ನು ಸುತ್ತುವ ಕೆಲಸ ನನ್ನದಾಗಿತ್ತು. ನಾನು ಸುತ್ತಿದ ಸುರುಳಿ ಕೆಳಗಿನ ಸ್ವರಗಳಲ್ಲಿ ಹಳೆಯದಕ್ಕೆ ಸರಿಸಮ. ಮೇಲಕ್ಕೆ ಹೋದಂತೆ ಮಾತ್ರ ಮೀಟರಿನ ಮುಳ್ಳು ಕುಸಿಯುತ್ತಿತ್ತು. ಹಾಡುವವರ ಉಸಿರು, ತಾಳದ ಕಿಣಿಕಿಣಿ, ಎಲ್ಲದಕ್ಕೂ ಕಂಬಳಿ ಹೊದಿಸಿದ ಹಾಗೆ.

ಬಾಸು ಸುರುಳಿಯನ್ನು ದೀಪಕ್ಕೆ ಹಿಡಿದು, “ಬ್ಯೂಟಿಫುಲ್. ಬಟ್ ಇಟ್ಸ್ ಡೆಡ್ ಅಪ್ ದೇರ್” ಎಂದರು.

ಒಂದು ಸ್ಟುಡಿಯೋ ಹನ್ನೆರಡು ಪೆಟ್ಟಿಗೆಗಳಿಗೆ ಆರ್ಡರ್ ಕೊಟ್ಟಿತ್ತು. ಸೋಮವಾರ ಬಾಸು ಸಂಕೋಚಪಡುತ್ತಲೇ ಹೇಳಿದರು: ಶುಕ್ರವಾರ ಮಧ್ಯಾಹ್ನದೊಳಗೆ ಸುರುಳಿ ಹೊಂದದಿದ್ದರೆ ಆ ಕೆಲಸವನ್ನು ಲಾಸ್ ಏಂಜಲಿಸ್‌ನ ಸುರುಳಿ ಕಾರ್ಖಾನೆಗೆ ಕಳಿಸುತ್ತೇನೆ, ನೀವು ಮೊದಲಿನಂತೆ ಪೆಟ್ಟಿಗೆಗಳ ವೈರಿಂಗಿಗೆ ಹೋಗಿ.

“ಗಿವ್ ಮಿ ಟಿಲ್ ಫ್ರೈಡೇ” ಎಂದೆ. ಅವರು ಕೊಟ್ಟದ್ದನ್ನೇ ಮತ್ತೆ ಕೇಳಿದ್ದೆ. ಅಷ್ಟು ಗಾಬರಿ.

ಮಂಗಳವಾರ, ಬುಧವಾರ ಇನ್ನೂ ಬಿಗಿಯಾಗಿ, ಇನ್ನೂ ಒಪ್ಪವಾಗಿ ಸುತ್ತಿದೆ. ಒಂದು ಎಳೆಯ ಪಕ್ಕಕ್ಕೇ ಇನ್ನೊಂದು, ಒಂದು ಪದರದ ಮೇಲೆ ಸರಿಯಾಗಿ ಮತ್ತೊಂದು. ಕಾನ್ವೆಂಟಿನಲ್ಲಿ ಹೊಲಿಗೆ ಕಲಿಸುತ್ತಿದ್ದ ಸಿಸ್ಟರ್ ಕಸೂತಿ ಬಟ್ಟೆಯನ್ನು ಮೊದಲು ತಿರುಗಿಸಿ ಹಿಂಬದಿ ನೋಡುತ್ತಿದ್ದರು. ಅಲ್ಲಿ ಒಂದು ಎಳೆ ಅಡ್ಡ ಹೋಗಿದ್ದರೂ ಇಡೀ ಹೂವನ್ನು ಬಿಚ್ಚಿಸುತ್ತಿದ್ದರು. ಆ ಭಯ ಇನ್ನೂ ನನ್ನ ಬೆರಳಿನಲ್ಲಿತ್ತು. ಮುಳ್ಳು ಮೊದಲಿಗಿಂತ ಕೆಳಗೆ ಬಿತ್ತು.

ಬುಧವಾರ ಸಂಜೆ ನಾನು ಕೆಟ್ಟ ಪೆಟ್ಟಿಗೆಯ, ಮೇಣದಲ್ಲಿ ಅದ್ದಿ ಮುಚ್ಚಿದ್ದ ಸುರುಳಿಯನ್ನು ಕೇಳಿದೆ. ಬಿಚ್ಚಿ ನೋಡಬೇಕು ಎಂದೆ.

“ಬಿಡಿಯಾಗಿ ಇರುವುದೇ ಅದೊಂದು. ಬಿಚ್ಚಿದರೆ ಮುಗೀತು” ಎಂದರು ಬಾಸು, ಇಂಗ್ಲಿಷಿನಲ್ಲಿ.

“ಮೇಣ ಮೆತ್ತಿಕೊಂಡು ಕೂತಿದ್ದರೆ ಯಾರಿಗೆ ಉಪಯೋಗ?” ಎಂದೆ ನಾನೂ ಇಂಗ್ಲಿಷಿನಲ್ಲೇ. ಅಷ್ಟು ಖಡಾಖಂಡಿತವಾಗಿ ಅವರ ಜೊತೆ ಎಂದೂ ಮಾತಾಡಿರಲಿಲ್ಲ. ಅವರು ಹಳೇ ಸುರುಳಿಯನ್ನು ಒಂದು ಟೀ ಡಬ್ಬಿಯಲ್ಲಿಟ್ಟು ಕೊಟ್ಟರು.

ಆಗ ನಮ್ಮ ಅತ್ತೆ ಧಾರವಾಡದಿಂದ ಬಂದು ಎವರ್‌ಗ್ರೀನ್ ಬಡಾವಣೆಯ ನಮ್ಮ ಮನೆಯಲ್ಲಿದ್ದರು. ಗುರುವಾರ ನಾನು ರಜೆ ಹಾಕಿ ಡೈನಿಂಗ್ ಟೇಬಲ್ಲಿನ ಮೇಲೆ ಬಿಳಿ ಬಟ್ಟೆ ಹಾಸಿ, ಹೇರ್ ಡ್ರೈಯರಿನಿಂದ ಮೇಣ ಕರಗಿಸಿ, ತಂತಿಯ ತುದಿ ಹುಡುಕಿ ಬಿಚ್ಚುತ್ತ ಕುಳಿತೆ. ಅತ್ತೆ ಎದುರು ಕುರ್ಚಿಯಲ್ಲಿ, ಯಾರದೋ ಮನೆಯ ಗರಾಜ್ ಸೇಲಿನಲ್ಲಿ ಅಗ್ಗಕ್ಕೆ ತಂದ ಹಳೇ ಸ್ವೆಟರ್ ಬಿಚ್ಚಿ ಉಂಡೆ ಮಾಡುತ್ತಿದ್ದರು.

“ನಾ ಸ್ವೆಟರ್ ಬಿಚ್ಚತೀನಿ, ನೀ ರೇಡಿಯೋ ಬಿಚ್ಚತಿ. ನಿನ್ನ ಗಂಡ ಬಂದು ಚಹಾ ಯಾರ ಮಾಡ್ಯಾರು ಅಂತಾನ.”

“ಅವರೇ ಮಾಡ್ಕೊಳ್ಲಿ ಬಿಡಿ ಅತ್ತೆ.”

“ಹಂಗ ಅನ್ನು!” ಎಂದು ಅತ್ತೆ ಖುಷಿಯಿಂದ ನಕ್ಕರು.

ಹತ್ತು ಸುತ್ತು ಬಿಚ್ಚುವಷ್ಟರಲ್ಲಿ ನನಗೆ ಸಿಟ್ಟು ಬಂತು. ತಂತಿ ಎಲ್ಲೂ ನೆಟ್ಟಗಿರಲಿಲ್ಲ. ಓರೆಯಾಗಿ ಈ ಕಡೆ ಹೋಗಿ, ಕೆಳಗಿನ ಎಳೆಗಳನ್ನು ದಾಟಿ, ಮತ್ತೆ ಓರೆಯಾಗಿ ಆ ಕಡೆಗೆ.

“ನೋಡಿ ಅತ್ತೆ, ಯಾರೋ ಸೋಮಾರಿ ಸುತ್ತಿದ್ದು. ಒಂದು ಚೂರೂ ನೀಟಾಗಿಲ್ಲ. ಇದನ್ನ ಕಾಪಿ ಮಾಡ್ಬೇಕಂತೆ ನಾನು.”

ಅತ್ತೆ ಕನ್ನಡಕ ಏರಿಸಿಕೊಂಡು ಬಗ್ಗಿದರು. ಬಹಳ ಹೊತ್ತು ನೋಡಿದರು.

“ಸೋಮಾರಿ ಅಲ್ಲವ್ವ ಇಕಿ. ಬಲ್ಲಾಕಿ ಇದ್ದಾಳ. ನೋಡಿಲ್ಲಿ, ಪ್ರತಿ ಸಲ ಒಂದ ಅಳತಿಗೆ ಓರಿ ಮಾಡ್ಯಾಳ.” ತಮ್ಮ ಉಣ್ಣೆಯ ಉಂಡೆಯನ್ನು ನನ್ನ ಮೂಗಿನ ಮುಂದೆ ಹಿಡಿದರು. “ಹಿಂಗ ಅಡ್ಡ ಅಡ್ಡ ಸುತ್ತಬೇಕು. ಒತ್ತಿ ಒತ್ತಿ ಒಂದರ ಮ್ಯಾಲೊಂದು ಜೋಡಿಸಿದ್ರ ಉಣ್ಣಿಗೆ ಉಸಿರು ಕಟ್ತದ. ನಿಮ್ಮ ಕಾನ್ವೆಂಟಿನಾಗ ಇಷ್ಟೂ ಕಲಿಸಲಿಲ್ಲೇನು?”

ಸುರುಳಿ ಸುತ್ತಿದವರು ಯಾರೋ, ಹೆಂಗಸೋ ಗಂಡಸೋ, ನನಗೆ ಈಗಲೂ ಗೊತ್ತಿಲ್ಲ. ಅತ್ತೆ ಮಾತ್ರ ಅದು ಹೆಂಗಸಿನ ಕೈ ಎಂದು ತೀರ್ಮಾನಿಸಿಬಿಟ್ಟಿದ್ದರು. ಉಳಿದ ಪದರಗಳನ್ನು ಇನ್ನೂ ನಿಧಾನವಾಗಿ ಬಿಚ್ಚಿದೆ. ಉರುಳೆಯ ಒಂದು ಅಂಚಿನಿಂದ ಇನ್ನೊಂದಕ್ಕೆ ಹೋಗಲು ಎಷ್ಟು ಸುತ್ತು, ಮರಳಲು ಎಷ್ಟು ಸುತ್ತು ಎಂದು ಬರೆದುಕೊಂಡೆ. ನಡುವೆ ಎರಡು ಸಲ ಅತ್ತೆ ಮಾತಾಡಿಸಿ ಲೆಕ್ಕ ತಪ್ಪಿಸಿದರು. ಎರಡು ಸಲವೂ “ಮತ್ತ ಎಣಸು” ಎಂದು ನನಗೇ ಗದರಿದರು.

ಶುಕ್ರವಾರ ಬೆಳಿಗ್ಗೆ ಫ್ರೀವೇ ಹಿಡಿದು ಎಲ್ಲರಿಗಿಂತ ಮೊದಲು ಶೆಡ್ಡಿಗೆ ಹೋದೆ. ಬೆರಳುಗಳು ಒಪ್ಪಲಿಲ್ಲ. ಓರೆ ಹೋದ ಪ್ರತಿ ಎಳೆಯನ್ನೂ ಸರಿಮಾಡಲು ತಾವಾಗಿಯೇ ಚಾಚುತ್ತಿದ್ದವು. ಕೊನೆಗೆ ಎಡಗೈಯ ಎರಡು ಬೆರಳಿಗೆ ಬ್ಯಾಂಡೇಜು ಸುತ್ತಿ ಕಟ್ಟಿಹಾಕಿದೆ. ಮಧ್ಯಾಹ್ನ ಬಾಸು ಸುರುಳಿಯನ್ನು ಪೆಟ್ಟಿಗೆಗೆ ಜೋಡಿಸಿ ಮೀಟರು ಹಾಕಿದರು. ಸ್ವರ ಕೆಳಗಿನಿಂದ ಮೇಲಕ್ಕೆ ಏರತೊಡಗಿತು. ಎಲ್ಲಿ ಸದಾ ಕುಸಿಯುತ್ತಿತ್ತೋ ಅಲ್ಲಿ ಮುಳ್ಳು ನಿಂತಿತು. ಹಳೇ ಪೆಟ್ಟಿಗೆಯದಕ್ಕಿಂತ ಒಂದು ಗೀಟು ಕಡಿಮೆ, ಅಷ್ಟೇ.

ಎಳೆಗಳು ಒತ್ತಾಗಿ ಒಂದರ ಮೇಲೊಂದು ಮಲಗಿದರೆ ಎತ್ತರದ ಸ್ವರಗಳು ಪದರದಿಂದ ಪದರಕ್ಕೆ ಸೋರಿಹೋಗುತ್ತವೆ, ಅಡ್ಡ ಹಾಯ್ದರೆ ಸೋರಿಕೆ ಕಡಿಮೆ ಎಂದು ಬಾಸು ಕಾಗದದ ಮೇಲೆ ಚಿತ್ರ ಬರೆದು ವಿವರಿಸಿದರು. ಯಾರು ಹೇಳಿಕೊಟ್ಟರು ಎಂದು ಕೇಳಿದರು.

“ಮೈ ಮದರ್-ಇನ್-ಲಾ” ಎಂದೆ. ಅವರು ಜೋಕ್ ಎಂದುಕೊಂಡರು.

ಆಮೇಲೆ ನನ್ನೆದುರೇ, ಮೊದಲೇ ಮಾತಾಡಿಟ್ಟಿದ್ದ ಆ ಕಾರ್ಖಾನೆಗೆ ಫೋನ್ ಮಾಡಿ, “ಕ್ಯಾನ್ಸಲ್ ಇಟ್. ಐ ಹ್ಯಾವ್ ಸಮ್‌ಒನ್ ಹಿಯರ್” ಎಂದರು. ಆ ‘ಸಮ್‌ಒನ್’ ನಾನು. ಕಣ್ಣು ತುಂಬಿತು, ನಿಜ. ಆದರೆ ಅಳುತ್ತ ಕೂರಲು ಸಮಯವಿರಲಿಲ್ಲ, ಇನ್ನೂ ಹನ್ನೊಂದು ಸುರುಳಿ ಬಾಕಿ. ಒಪ್ಪವಾಗಿ ಸುತ್ತುವುದು ಸುಲಭ. ಪ್ರತಿ ಸಲವೂ ಒಂದೇ ಥರ ಅಡ್ಡಾದಿಡ್ಡಿ ಸುತ್ತುವುದು ಎಂಥ ಕಷ್ಟ ಎಂದು ಎರಡನೆಯದಕ್ಕೆ ಕೂತಾಗ ತಿಳಿಯಿತು. ಅದು ಫೇಲಾಯಿತು.

“ಸೋಮವಾರ ನೋಡೋಣ, ಮನೆಗೆ ಹೋಗಿ” ಎಂದರು ಬಾಸು.

“ನೋ. ಟುಡೇ” ಎಂದೆ. ತಂತಿಯನ್ನು ಬಿಚ್ಚಿ ಎಸೆದು, ಹೊಸ ತುದಿಯನ್ನು ಉರುಳೆಗೆ ಸಿಕ್ಕಿಸಿದೆ. ಅವರು ಹಾಕಿಕೊಂಡಿದ್ದ ಜಾಕೆಟ್ಟನ್ನು ತೆಗೆದು ಕುರ್ಚಿಗೆ ನೇತುಹಾಕಿ, ಮೀಟರಿನ ಸ್ವಿಚ್ಚನ್ನು ಮತ್ತೆ ಒತ್ತಿದರು.